ಹೆಂಡತಿಯನ್ನೂ ಹತ್ತಿಸದ ಹಾಯ್ಸ್ಟ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಂಶಾಬಾದಿನ ಹೆದ್ದಾರಿ ಪಕ್ಕ ಏಳುತ್ತಿರುವ ಹನ್ನೊಂದು ಮಹಡಿಯ ಕಟ್ಟಡದ ಬುಡದಲ್ಲಿ ಭೀಮಾಶಂಕರ ಅವರು ಹತ್ತಿಬಟ್ಟೆಯ ಚೂರೊಂದನ್ನು ಹಿಡಿದು ಉಕ್ಕಿನ ಹಗ್ಗವನ್ನು ನಿಧಾನವಾಗಿ ಸವರುತ್ತಿದ್ದಾರೆ. ಬಟ್ಟೆಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ತಂತಿ ಮುರಿದು ಹೊರಗೆ ಬಂದಿದೆ ಎಂದರ್ಥ. ಸಿಮೆಂಟು, ಇಟ್ಟಿಗೆ, ಮರಳು ಹೊತ್ತ ಕಬ್ಬಿಣದ ಪಂಜರವನ್ನು ಮೇಲಕ್ಕೆ ಎಳೆಯುವುದು ಇದೇ ಹಗ್ಗ. ಯಂತ್ರದ ಹೆಸರು ಹಾಯ್ಸ್ಟ್. ಕೂಲಿಗಳ ಬಾಯಲ್ಲಿ ಬರೀ ಲಿಫ್ಟು.

ಅಷ್ಟರಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬರು ಬಂದು ಪಂಜರದ ಬಾಗಿಲಿಗೆ ಕೈ ಹಚ್ಚುತ್ತಾರೆ. ಅವರು ಅನ್ನಮ್ಮ, ಭೀಮಾಶಂಕರ ಅವರ ಹೆಂಡತಿ. ಹನ್ನೊಂದನೇ ಮಹಡಿಯಲ್ಲಿ ಗಾರೆ ಹೊರುವ ಕೆಲಸ. ಬಲಮೊಣಕಾಲು ಬಾತಿದೆ.

"ಇವತ್ತೊಂದಿನ ಬಿಡ್ರಿ. ಮೊಣಕಾಲು ಭಾಳ ನೋಯಾಕತ್ತೈತಿ."

"ಆಗಂಗಿಲ್ಲ. ಮೆಟ್ಲ ಹತ್ತಿ ಹೋಗು. ನಡುನಡುವ ಕುಂತು ಹೋಗು."

ಅನ್ನಮ್ಮ, ಈ ಕೆಲಸ ನೋಡಲೆಂದು ಬಂದು ಪಕ್ಕದಲ್ಲಿ ನಿಂತಿರುವ ನನ್ನ ಕಡೆ ತಿರುಗುತ್ತಾರೆ. "ಸಿಮೆಂಟ್ ಚೀಲಕ್ಕಿದ್ದ ಕಿಮ್ಮತ್ತು ನನಗಿಲ್ಲ ನೋಡ್ರಿ ಸರ."

ಗೋಡೆ ಹಿಡಿದು ಅವರು ಮೆಟ್ಟಿಲು ಹತ್ತತೊಡಗುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತದೆ. ಎಂಥ ಕಲ್ಲುಮನಸ್ಸಿನ ಗಂಡಸಪ್ಪಾ ಇವನು ಅನ್ನಿಸುತ್ತದೆ. ಈ ಸೈಟಿನಲ್ಲಿ ಹಾಗೆ ಅನ್ನಿಸಿಕೊಳ್ಳದ ದಿನವೇ ಅವರಿಗಿಲ್ಲವಂತೆ.

ಭೀಮಾಶಂಕರ ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವರು. ಮದುವೆಯಾದ ವರ್ಷವೇ ಹೆಂಡತಿ, ತಮ್ಮನ ಜೊತೆ ಹೈದರಾಬಾದಿಗೆ ಬಂದರು. ತಮ್ಮ ಚಂದ್ರಾಮ ಚುರುಕು ಹುಡುಗ. ನಾರಾಯಣಗೂಡದಲ್ಲಿ ಹಾಸ್ಟೆಲೊಂದನ್ನು ಕಟ್ಟುವಾಗ ಹಾಯ್ಸ್ಟ್ ನೋಡಿಕೊಳ್ಳುವ ಕೆಲಸ ಅವನಿಗೇ ಸಿಕ್ಕಿತ್ತು. ಆಯುಧಪೂಜೆ ಬಂತು. ಚಂದ್ರಾಮ ಯಂತ್ರವನ್ನು ತೊಳೆದು, ಅಡಿಯಿಂದ ಮುಡಿಯವರೆಗೆ ಕೆಂಪು ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿದ.

ಪಂಜರದ ಅಡಿಯಲ್ಲಿ ಎರಡು ಕಬ್ಬಿಣದ ದವಡೆಗಳಿರುತ್ತವೆ. ಹಗ್ಗ ಹರಿದರೆ ಅವು ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿದು ಪಂಜರವನ್ನು ನಿಲ್ಲಿಸಬೇಕು. ಚಂದ್ರಾಮ ಅವಕ್ಕೂ ದಪ್ಪಗೆ ಬಣ್ಣ ಬಳಿದಿದ್ದ. ಬಣ್ಣ ಒಣಗಿ ಕೀಲುಗಳು ಹಿಡಿದುಕೊಂಡವು. ಪಂಜರ ತುದಿ ಮುಟ್ಟುವ ಮೊದಲೇ ಕರೆಂಟ್ ಕಡಿಯುವ ಸ್ವಿಚ್ಚನ್ನಂತೂ ಯಾರೋ ಮೊದಲೇ ತಂತಿಯಿಂದ ಬಿಗಿದು ಕಟ್ಟಿಹಾಕಿದ್ದರು. ಪದೇಪದೇ ನಿಂತು ಕೆಲಸ ಕೆಡಿಸುತ್ತದೆ ಅಂತ. ಹಬ್ಬ ಕಳೆದ ವಾರದಲ್ಲೇ ಚಂದ್ರಾಮ ಸಿಮೆಂಟ್ ಚೀಲಗಳ ಮೇಲೆ ಕೂತು ಮೇಲೆ ಹೊರಟ. ಪಂಜರ ನಿಲ್ಲದೆ ತುದಿಯ ತೊಲೆಗೆ ಬಡಿಯಿತು. ಹಗ್ಗ ಹರಿಯಿತು. ದವಡೆ ಕಚ್ಚಲಿಲ್ಲ.

ಕೆಳಗೆ ಮರಳು ಸಾಣಿಸುತ್ತಿದ್ದವರು ಭೀಮಾಶಂಕರ.

"ಅಂವನೇ ಬಳದ ಬಣ್ಣರಿ. ಭಕ್ತೀಲೆ ಬಳದಿದ್ದ," ಎನ್ನುತ್ತಾರೆ. ಕುಡಿದು ಬಿದ್ದು ಸತ್ತ ಎಂದು ಅಲ್ಲಿನ ಗುತ್ತಿಗೆದಾರ ಪೊಲೀಸರಲ್ಲಿ ಬರೆಸಿದ. ಚಂದ್ರಾಮ ಒಂದು ದಿನವೂ ಕುಡಿದವನಲ್ಲ.

ಆಮೇಲೆ ಭೀಮಾಶಂಕರ ತಾವಾಗಿಯೇ ಕೇಳಿಕೊಂಡು ಈ ಕೆಲಸ ಕಲಿತರು. ದಿನಾ ಬೆಳಿಗ್ಗೆ ದವಡೆಗಳ ಕೀಲನ್ನು ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜುತ್ತಾರೆ. ಬಾಗಿಲು ತೆರೆದಿಟ್ಟು ಗುಂಡಿ ಒತ್ತಿ, ಪಂಜರ ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಖಾಲಿ ಪಂಜರವನ್ನು ಮೇಲೆ ಕಳಿಸಿ, ತುದಿಯ ಸ್ವಿಚ್ಚು ತಾನಾಗಿ ನಿಲ್ಲಿಸುತ್ತದೆಯೇ ನೋಡುತ್ತಾರೆ. ಸಂಜೆಯೊಳಗೆ ಅರವತ್ತು ಎಪ್ಪತ್ತು ಸಲ ಅದು ಏರಿಳಿಯಬೇಕು. ಆಯುಧಪೂಜೆಗೆ ಹೊರಗಿನ ಕಂಬಕ್ಕೆ ಒಂದು ಬೊಟ್ಟು ಕುಂಕುಮ, ಅಷ್ಟೇ. "ದೇವ್ರು ದಿಂಡ್ರು ಇಲ್ಲದವ ಅಂತಾರ್ರಿ ನನಗ," ಎನ್ನುತ್ತಾರೆ.

ಎಲ್ಲಾ ಇಷ್ಟು ಪಕ್ಕಾ ಇರುವಾಗ ಹೆಂಡತಿಯನ್ನು ಒಂದು ಸಲ ಬಿಟ್ಟರೇನಂತೆ? ನಾನು ಕೇಳಿಯೇಬಿಡುತ್ತೇನೆ.

"ಇದು ಸಾಮಾನ ಒಯ್ಯಾಕ ಮಾಡಿದ್ರಿ. ಇವತ್ತ ಆಕೀನ ಬಿಟ್ರ ನಾಳಿ ಹತ್ತು ಮಂದಿ ಹತ್ತತಾರ. ಚೀಲ ಬಿದ್ರ ಇನ್ನೊಂದು ಚೀಲ ಬರತೈತಿ."

ಈ ಹಟ ಇನ್ನೆಷ್ಟು ದಿನ ನಡೆದೀತೋ ಗೊತ್ತಿಲ್ಲ. ಹೆಂಗಸರು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಹೊತ್ತಾಗುತ್ತದೆ ಎಂಬುದು ಸೂಪರ್‌ವೈಸರನ ತಕರಾರು. ಸೋಮವಾರದಿಂದ ಮಂದಿಯನ್ನು ಹತ್ತಿಸಬೇಕು, ಇಲ್ಲವೇ ಯಂತ್ರದ ಕೀಲಿಕೈ ಬೇರೆಯವನಿಗೆ ಕೊಡಬೇಕು ಎಂದು ನಿನ್ನೆ ಹೇಳಿದ್ದಾನೆ. ಬೇರೆಯವನು ತಯಾರಾಗಿಯೂ ಇದ್ದಾನೆ.

"ಕೆಲಸ ಹೋದ್ರ ಹೋಗ್ಲಿರಿ, ಮತ್ತ ಗಾರಿ ಹೊರತೀನಿ," ಎಂದು ಭೀಮಾಶಂಕರ ಬಟ್ಟೆಯ ಚೂರನ್ನು ಮಡಚುತ್ತಾರೆ. "ಆದ್ರ ಹೊಸಬ ಆಕೀನ ಹತ್ತಸ್ತಾನಲ್ರಿ. ಆಕಿ ಹತ್ತತಾಳ. ಕಾಲು ನೋಯತಾವಲ್ಲ, ಹತ್ತದ ಏನ್ ಮಾಡತಾಳ?" ಮಡಚಿದ ಚೂರನ್ನು ಜೇಬಿಗೆ ಸೇರಿಸಿ ಹೇಳುತ್ತಾರೆ: "ಮಂದಿ ಹತ್ತಾಕ ಲಿಫ್ಟು ಬ್ಯಾರೇನ ಇರತೈತಿ. ಅದೊಂದು ಹಾಕಿಸಿದ್ರ ಸಾಕಾಗಿತ್ತು. ಭಾಳ ಸಲ ಕೇಳೀನಿ."

ಯಂತ್ರ ಇನ್ನೂ ಶುರುವಾಗಿಲ್ಲ. ಚೀಲ ತುಂಬಿದವರು ಗೊಣಗುತ್ತಾ ನಿಂತಿದ್ದಾರೆ. ಅನ್ನಮ್ಮ ಮೇಲೆ ಮುಟ್ಟಿದ ಸದ್ದು ಕೇಳುವವರೆಗೆ ಭೀಮಾಶಂಕರ ದಿನದ ಮೊದಲ ಪಂಜರವನ್ನು ಕಳಿಸುವುದಿಲ್ಲ. ಕೊನೆಗೂ ಹನ್ನೊಂದನೇ ಮಹಡಿಯಿಂದ ಕಬ್ಬಿಣದ ಕೊಳವೆಗೆ ಸಲಾಕೆಯಿಂದ ಬಡಿದ ಸದ್ದು ಬರುತ್ತದೆ. ಮತ್ತೆ ಜೋರಾಗಿ ಇನ್ನೊಮ್ಮೆ. ಜೊತೆಗೆ ಅನ್ನಮ್ಮನ ದನಿಯೂ ಇಳಿದು ಬರುತ್ತದೆ. ಮಾತು ತಿಳಿಯುವುದಿಲ್ಲ, ಸಿಟ್ಟು ತಿಳಿಯುತ್ತದೆ.

"ಬೈಯಾಕತ್ತಾಳ್ರಿ," ಎಂದು ಭೀಮಾಶಂಕರ ಮೇಲೆ ನೋಡಿ, ಬೆಳಗಿನಿಂದ ಮೊದಲ ಸಲ ನಗುತ್ತಾರೆ. ಆಮೇಲೆ ಗುಂಡಿಯ ಮೇಲೆ ಬೆರಳಿಡುತ್ತಾರೆ.

"ಬೈಲಿ. ಬೈಯಾಕ ಆಕಿ ಅದಾಳಲ್ರಿ."