ಈರಮ್ಮತ್ತೆ ಆರಿಸಿದ ಗೀಜರ್

ಅಪ್ಪನ ಅಕ್ಕ ಈರಮ್ಮತ್ತೆ ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಮಾನ್ವಿಯಲ್ಲಿ ಒಂದು ಮದುವೆ. ಎಲೆಗೆ ಬಿದ್ದ ಹೋಳಿಗೆಯ ಅಂಚನ್ನು ಎಳೆದು ನೋಡಿ, ಬಡಿಸಿದವರಿಗೆ ಕೇಳುವಂತೆ, “ಇದನ್ನ ಹರಿಯಾಕ ಎತ್ತು ಹೂಡಬೇಕು” ಅಂದಳು. ಆಮೇಲೆ ಮೂರು ತಿಂದಳು. ಗಂಡ ತೀರಿದ ಮೇಲೆ ದೇವದುರ್ಗದಲ್ಲಿ ಹೊಲ, ಮನೆ ಎರಡನ್ನೂ ಒಬ್ಬಳೇ ನಡೆಸಿದವಳು. ನಾಲಿಗೆ ಆಕೆಯ ಕಾವಲುಗಾರ.

ಎಂಬತ್ತರ ದಶಕ. ರಾಯಚೂರಿನ ನಮ್ಮ ಮನೆಯಲ್ಲಿ ಹತ್ತಿಕಟ್ಟಿಗೆ ಉರಿಸಿ ಹಂಡೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದೆವು. ಅವ್ವನಿಗೆ ದಮ್ಮು. ಹೊಗೆಯಿಂದ ದೂರ ಇರಬೇಕೆಂದು ಡಾಕ್ಟರು ಹೇಳಿದಂದೇ ಅಪ್ಪ ಗೀಜರ್ ಕೊಳ್ಳಲು ತೀರ್ಮಾನಿಸಿದರು. ಆದರೆ ಯಾವುದು? ಟ್ಯಾಂಕ್ ಇರುವುದೋ, ನಳ ತಿರುವಿದ ಕೂಡಲೇ ಬಿಸಿನೀರು ಕೊಡುವುದೋ? ಟ್ಯಾಂಕಿನ ಭಾರಕ್ಕೆ ಗೋಡೆ ಬೀಳುತ್ತದೆಂದು ಒಬ್ಬರು, ಟ್ಯಾಂಕಿಲ್ಲದ್ದರಲ್ಲಿ ನೀರಿಗೇ ಕರೆಂಟು ಬರುತ್ತದೆಂದು ಇನ್ನೊಬ್ಬರು ಹೆದರಿಸಿದರು. ಅಪ್ಪ ಚಳಿಗಾಲವಿಡೀ ವಿಚಾರಿಸಿದರು. ಅವ್ವ ಕೆಮ್ಮುತ್ತಲೇ ಒಲೆ ಊದಿದಳು.

ಆಗ ಅತ್ತೆ ಬಂದಳು. ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಅವ್ವನನ್ನು ನೋಡಿದಳು. ಒಳಗೆ ಬಂದು ಅಪ್ಪನನ್ನು ನೋಡಿದಳು.

“ಏನ್ ಮಾಡಾಕತ್ತೀದಿ ಬಸವಾ?”

“ಯಾವ ಗೀಜರ್ ತಗೋಬೇಕಂತ ವಿಚಾರ ಮಾಡಾಕತ್ತೀನಕ್ಕ.”

“ಮಾಡು. ಆಕಿ ಸತ್ತ ಮ್ಯಾಲ ಒಂದು ತೀರ್ಮಾನಕ್ಕ ಬಾ. ಅವಸರ ಏನದ?”

ಅಂದೇ ನಮ್ಮನ್ನೆಲ್ಲ ಅಂಗಡಿಗೆ ಹೊರಡಿಸಿದಳು. ಅಂಗಡಿಯವನು ದೊಡ್ಡ ಟ್ಯಾಂಕಿನದನ್ನು ತೋರಿಸಿ, “ಸ್ನಾನಕ್ಕ ಅರ್ಧ ತಾಸು ಮೊದಲ ಹಚ್ಚಬೇಕ್ರಿ” ಅಂದ.

“ನೀರು ತುಂಬಿಟ್ಟು ಕಾಯೋ ಹಂಡೆ ಮನ್ಯಾಗ ಅದ. ಅದರ ತಮ್ಮನ್ನ ಗ್ವಾಡಿಗೆ ಯಾಕ ನೇತು ಹಾಕ್ಲಿ? ಟ್ಯಾಂಕಿಲ್ಲದ್ದು ಕೊಡು. ನಿಮ್ಮ ಮನ್ಯಾಗ ಯಾವ್ದು ಅದ?”

“ನಮ್ಮಲ್ಲಿ ಹಂಡೇನ್ರಿ ಯವ್ವಾ.”

“ಒಲಿ ಊದೋರು ಯಾರು? ನೀನೇನು?”

ಅವನು ಪೆಟ್ಟಿಗೆಗೆ ಹಗ್ಗ ಕಟ್ಟತೊಡಗಿದ.

ಗೀಜರ್ ಗೋಡೆಗೇರಿದ ಮೇಲೂ ಕರೆಂಟು ಹೊಡೆದೀತೆಂದು ಅಪ್ಪ ಯಾರನ್ನೂ ಒಳಗೆ ಬಿಡಲಿಲ್ಲ. “ಸರಿ ಆಕಡಿ” ಎಂದು ಅತ್ತೆಯೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅಪ್ಪ ಬೆವರುತ್ತಾ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತರು. ನೀರಿನ ಸದ್ದು ನಿಂತಾಗ ಅವ್ವ ಕದ ಬಡಿದೇಬಿಟ್ಟಳು. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದಳು.

“ಕೂಸು ಉಚ್ಚಿ ಹೊಯ್ದಂಗ ಬರ್ತಾವ ನೀರು. ಬೆಚ್ಚಗವ, ಇಲ್ಲಂತಿಲ್ಲ.”

ಮರುದಿನ ಹಂಡೆಯನ್ನು ದೇವದುರ್ಗದ ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಟಳು. ಕರೆಂಟು ಹೋದರೆ ಏನು ಮಾಡುವುದೆಂದು ಅಪ್ಪ ಕೇಳಿದರು. “ತಣ್ಣೀರು ಹೊಯ್ಕೊ. ಮೈಗೇನು ಸಕ್ರಿ ಹಚ್ಚೀದೇನು ಕರಗಾಕ?” ಅಂದಳು. ಎಷ್ಟೋ ಬೆಳಿಗ್ಗೆ ಅಪ್ಪ ನಡುಗುತ್ತಾ, ಅಕ್ಕನನ್ನು ಬೈಯುತ್ತಾ ಮಿಂದರು. ಅವ್ವನ ಕೆಮ್ಮು ಮಾತ್ರ ಮೆಲ್ಲಗೆ ಇಳಿಯಿತು.

ಕೆಲವು ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಳೆಂದು ನಾವು ದೇವದುರ್ಗಕ್ಕೆ ಹೋದೆವು. ಅಪ್ಪ ಒಯ್ದ ಸೇಬನ್ನು ಮೂಸಿ, “ಜಡ್ಡಿನೋರಿಗೆ ಮಾರಾಕಂತ ಇಂಥವೇ ಇಟ್ಟಿರ್ತಾರ” ಎಂದು ಬದಿಗಿಟ್ಟಳು. ಸಂಜೆ ಬಸ್ಸಿನ ಹೊತ್ತಾಯಿತು. ಕಾಲು ಮುಟ್ಟಲು ಬಗ್ಗಿದ ಅವ್ವನ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ.

“ನೀ ಇರು,” ಅಂದಳು.

ಯಾರನ್ನೂ ಏನನ್ನೂ ಬೇಡಿದವಳಲ್ಲ ಆಕೆ. ಅವ್ವ ಚೀಲವನ್ನು ಕೆಳಗಿಟ್ಟಳು. ಅಪ್ಪನೂ ನಾನೂ ಬಸ್ಸು ಹತ್ತಿದೆವು. ಅವ್ವ ಊರಿಗೆ ಬಂದದ್ದು ಅತ್ತೆಯ ದಿನಕರ್ಮ ಮುಗಿಸಿಕೊಂಡೇ.