ಒಡೆದ ಹಾಲಿನ ಬೋಂಡ

ಒಡೆದ ಹಾಲಿನ ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಹಸಿಮೆಣಸಿನಕಾಯಿ ಬೆರೆಸಿ, ಉಂಡೆ ಕಟ್ಟಿ ಎಣ್ಣೆಗೆ ಬಿಟ್ಟೆ. ಮೊದಲ ಉಂಡೆಯೇ ಚೆದುರಿಹೋಯಿತು. ಆಗ ಹಿತ್ತಿಲ ಗೋಡೆಯಾಚೆಯಿಂದ ಹೆಂಗಸೊಬ್ಬರ ದನಿ ಕೇಳಿಸಿತು: “ಒಂದು ಹಿಡಿ ಅಕ್ಕಿ ಹಿಟ್ಟು ಹಾಕಮ್ಮ, ಬಿಟ್ಕೊಳ್ಳಲ್ಲ.”

ಅರವತ್ತರ ದಶಕದ ಮಾತು. ಮದುವೆಯಾಗಿ ಶಿಡ್ಲಘಟ್ಟದ ಬಾಡಿಗೆ ಮನೆಗೆ ಆಗಷ್ಟೇ ಬಂದಿದ್ದೆ. ತವರಿನ ನೆನಪಾದರೆ ಅಮ್ಮ ಮಾಡುತ್ತಿದ್ದ ಈ ಬೋಂಡವೇ ಬೇಕೆನಿಸುತ್ತಿತ್ತು. ದನಿ ಹೇಳಿದಂತೆ ಹಿಟ್ಟು ಬೆರೆಸಿದೆ. ಬೋಂಡಗಳು ಕೆಂಪಗೆ, ಗರಿಗರಿಯಾಗಿ ಬಂದವು.

ಸಂಜೆ ಪಕ್ಕದ ಮನೆಯ ಫಾತಿಮಾಬಿ ಬಂದರು. ತಟ್ಟೆ ಕೊಡುತ್ತಾ, “ಹಿತ್ತಿಲ ಗೋಡೆಯಾಚೆಯಿಂದ ನೀವು ಅಕ್ಕಿ ಹಿಟ್ಟು ಹಾಕು ಅಂತ ಹೇಳಿದ್ದಕ್ಕೇ ಚೆನ್ನಾಗಿ ಬಂತು” ಎಂದೆ.

“ನಾನೆಲ್ಲಿ ಹೇಳ್ದೆ? ಬೆಳಿಗ್ಗೆಯಿಂದ ರೇಷ್ಮೆ ಕೆಲಸಕ್ಕೆ ಹೋಗಿದ್ದೆ. ಆ ಗೋಡೆ ಆಚೆ ಬಾವಿ ಬಿಟ್ರೆ ಮನೆನೇ ಇಲ್ವಲ್ಲಮ್ಮ.”

ಒಂದು ಬೋಂಡ ಕಚ್ಚಿದ ಅವರು ಅಗಿಯುವುದನ್ನೇ ನಿಲ್ಲಿಸಿದರು. “ಇದು ಸಾಕಮ್ಮನ ಕೈರುಚಿ. ನಿಮಗಿಂತ ಮುಂಚೆ ಈ ಮನೇಲಿದ್ಲು. ಹೋದ ವರ್ಷ ನೀರು ಸೇದಕ್ಕೆ ಹೋಗಿ ಆ ಬಾವೀಲೇ ಬಿದ್ದು ಹೋದ್ಲಮ್ಮ” ಎಂದು ಕಣ್ಣೊರೆಸಿಕೊಂಡರು.

ಆ ದನಿ ನನಗೆ ಮತ್ತೆಂದೂ ಕೇಳಿಸಲಿಲ್ಲ. ಆದರೂ ಆ ಮನೆಯಲ್ಲಿ ಇದ್ದಷ್ಟು ಕಾಲ, ಹಾಲು ಒಡೆದಾಗಲೆಲ್ಲ ಹೆದರುತ್ತಲೇ ಅದಕ್ಕಾಗಿ ಕಾಯುತ್ತಿದ್ದೆ.