ಹಸಿರು ದೀಪವನ್ನು ನಂಬದ ಮೀಟರಕ್ಕ

ಕರೆಂಟಿನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಸಂಜೆ ಕಾಲೇಜಿನಲ್ಲಿ ನಾನು ಓದಿದ್ದು ವಾಣಿಜ್ಯ. ಇಲ್ಲಿ ತಪ್ಪೇನಾದರೂ ನುಸುಳಿದ್ದರೆ ಅದು ನನ್ನದು, ಮೀಟರಕ್ಕನದಲ್ಲ. ಆದರೂ ಆ ಬೆಳಗಿನಲ್ಲಿ ಕಂಡದ್ದನ್ನು ನುಂಗಿಕೊಂಡು ಕೂರಲು ಆಗುತ್ತಿಲ್ಲ. ಓದುಗರು ಕ್ಷಮಿಸಬೇಕು.

ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೂರು ಮಹಡಿಯ ಮನೆಯೊಂದರ ಕೆಳಗೆ, ಗೋಡೆಗೆ ಕೂರಿಸಿದ ವಿದ್ಯುತ್ ಗಾಡಿಯ ಚಾರ್ಜರ್ ಪೆಟ್ಟಿಗೆಯ ಮುಂದೆ ಮೀಟರಕ್ಕ ನಿಂತಿದ್ದಾರೆ. ಜ್ವರ ಬಂದ ಮಗುವಿನ ಹಣೆ ನೋಡುವಂತೆ ಹಿಂಗೈಯನ್ನು ಕೇಬಲ್ಲಿಗೆ ತಾಗಿಸುತ್ತಾರೆ. ಅವರ ಕೆಲಸ ನೋಡಲೆಂದು ಜೊತೆಗೆ ಬಂದಿರುವ ನಾನು, ಅಂಗೈ ಯಾಕಲ್ಲ ಎಂದು ಕೇಳುತ್ತೇನೆ. ಅಂಗೈಯಲ್ಲಿ ಮುಟ್ಟಿದರೆ ಕರೆಂಟು ಕೈಯನ್ನು ಮುಷ್ಟಿ ಮಾಡಿಸಿ ಹಿಡಿದುಕೊಂಡುಬಿಡುತ್ತದಂತೆ, ಹಿಂಗೈಯಾದರೆ ಆಚೆಗೆ ಒದೆಯುತ್ತದಂತೆ.

“ಗಾಡಿ ರಾತ್ರಿಯೆಲ್ಲ ಕರೆಂಟು ಕುಡಿದಿರುತ್ತೆ. ತಂತಿ ಬಿಸಿಯಾಗಿದ್ರೆ ಗೊತ್ತಾಗೋದು ಈ ಹೊತ್ತಲ್ಲೇ,” ಎನ್ನುತ್ತಾರೆ. “ಹನ್ನೊಂದು ಗಂಟೆಗೆ ಬಂದ್ರೆ ಎಲ್ಲಾ ತಣ್ಣಗಿರುತ್ತೆ. ಆಗ ಎಲ್ರೂ ಸತ್ಯವಂತರೇ.”

ಅವರು ವಿದ್ಯುತ್ ಕಚೇರಿಯ ಗುತ್ತಿಗೆ ನೌಕರರು. ಮೊದಲು ಮನೆಮನೆಗೆ ಹೋಗಿ ಮೀಟರ್ ಓದುತ್ತಿದ್ದರು, ಆಗ ಅಂಟಿದ ಹೆಸರು ಇಂದಿಗೂ ಉಳಿದಿದೆ. ಊರಿನ ಆಡಳಿತ ಮನೆಯ ಚಾರ್ಜರ್‌ಗಳಿಗೆ ನಿಯಮ ತಂದ ಮೇಲೆ ತರಬೇತಿ ಪಡೆದು ತಪಾಸಣೆಗೆ ಬಂದರು. ಚಾರ್ಜರ್‌ಗೆ ಮೀಟರಿನಿಂದ ಬೇರೆಯದೇ ತಂತಿ ಬರಬೇಕು. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ಥಿಂಗನ್ನು ನೆಲದಲ್ಲಿ ಗುಂಡಿ ತೋಡಿ ಹೂಳಬೇಕು. ತಪ್ಪಿದ್ದರೆ ಸರಿಪಡಿಸಲು ಒಂದು ವಾರ ಸಿಗುತ್ತದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ನಿಂತ ಕಾಲಲ್ಲೇ ಸೀಲ್. ಇನ್ನೊಂದು ನಿಯಮವಿದೆ: ನಂಟರ ಮನೆಯ ತಪಾಸಣೆಗೆ ಕೈಹಾಕುವಂತಿಲ್ಲ, ಅದಕ್ಕೆ ಬೇರೆ ವಲಯದವರೇ ಬರಬೇಕು.

ಮುಂದಿನ ಮನೆಗೆ ಹೊರಡುವಷ್ಟರಲ್ಲಿ ಫೋನು ಬರುತ್ತದೆ. ಅವರ ತಮ್ಮನ ಹೆಂಡತಿ. ಮನೆಯ ದೀಪಗಳು ಒಮ್ಮೆ ಉಜ್ವಲವಾಗಿ ಒಮ್ಮೆ ಮಂಕಾಗಿ ಉರಿಯುತ್ತಿವೆಯಂತೆ, ಗಾಡಿ ಹತ್ತುವಾಗ ಕೈ ಜುಮ್ಮೆಂದಿತಂತೆ. ಮೀಟರಕ್ಕ ಸ್ಕೂಟರ್ ತಿರುಗಿಸುತ್ತಾರೆ. ಹಿಂದೆ ಕುಳಿತ ನಾನು ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ನಿಯಮದ ಮಾತು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ.

ಮೀಟರಕ್ಕನ ತಮ್ಮ ಬೇಕರಿಯೊಂದರಿಂದ ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವವರು. ಬಾಡಿಗೆ ಮನೆಯ ಅಂಗಳದಲ್ಲಿ ಮೂರು ಚಕ್ರದ ವಿದ್ಯುತ್ ಗಾಡಿ ಚಾರ್ಜಿಗೆ ನಿಂತಿದೆ. ಬ್ರೆಡ್ಡಿನ ಟ್ರೇಗಳು ಆಗಲೇ ಏರಿವೆ. ಜೊತೆಗೆ ಹೊರಡಬೇಕಾದ ಹೆಂಡತಿ, ಫೋನು ಮಾಡಿದವರು, ಇನ್ನೂ ಒಳಗಿನ ಸೀಟಿನಲ್ಲೇ ಇದ್ದಾರೆ. ತಮ್ಮ ಆಗಷ್ಟೇ ದೂರದಿಂದ ನೀರೆರಚಿ ಗಾಜು ತೊಳೆದು, ಬಕೆಟ್ ಹಿಡಿದು ನಿಂತಿದ್ದಾರೆ. ಸಿಮೆಂಟಿನ ನೆಲವೆಲ್ಲ ಒದ್ದೆ.

ಮೀಟರಕ್ಕ ಟೆಸ್ಟರನ್ನು ಗಾಡಿಯ ಮೂಲೆಗೆ ತಾಗಿಸುತ್ತಾರೆ. ಅದರೊಳಗಿನ ದೀಪ ಕೆಂಪಗೆ ಹೊತ್ತಿಕೊಳ್ಳುತ್ತದೆ. ಗಾಡಿಯ ಮೈಯಲ್ಲಿ ಕರೆಂಟಿದೆ.

“ಇಳೀಬೇಡ ಕಣೇ,” ಎನ್ನುತ್ತಾರೆ, ದನಿ ಏರಿಸದೆ. “ಕಾಲು ಮೇಲಿಟ್ಕೊಂಡು ಸುಮ್ನೆ ಕೂತಿರು.”

ತಮ್ಮನಿಗೆ ನಗು. “ಬಂದ್ರಪ್ಪಾ ನಮ್ಮ ಇನ್‌ಸ್ಪೆಕ್ಟರಮ್ಮ. ಚಾರ್ಜರಲ್ಲಿ ಹಸಿರು ದೀಪ ಉರೀತಿದೆ, ಕಾಣ್ಸಲ್ವಾ?” ಎನ್ನುತ್ತಾ ಹೆಂಡತಿಯನ್ನು ಇಳಿಸಲು ಬಾಗಿಲಿನ ಕಡೆ ಕೈ ಚಾಚುತ್ತಾರೆ.

“ಮುಟ್ಬೇಡ.”

ಕೈ ಅಲ್ಲೇ ನಿಲ್ಲುತ್ತದೆ. ಬಹುಶಃ ಅಕ್ಕನ ಆ ದನಿಯನ್ನು ಅವರು ಚಿಕ್ಕಂದಿನಲ್ಲಿ ಕೇಳಿದ್ದಿರಬೇಕು.

ಮೇನ್ ಸ್ವಿಚ್ ಇರುವುದು ಗಾಡಿಯ ಆಚೆ. ಗಾಡಿಗೂ ಗೋಡೆಗೂ ನಡುವೆ ಒಬ್ಬರು ಓರೆಯಾಗಿ ತೂರುವಷ್ಟು ಜಾಗ. ಮೀಟರಕ್ಕ ರಬ್ಬರ್ ಶೂ ಊರುತ್ತಾ, ಬಟ್ಟೆ ಗಾಡಿಗೆ ತಾಗದಂತೆ ಮೈಗೆ ಒತ್ತಿ ಹಿಡಿದು, ಗೋಡೆಗೆ ಬೆನ್ನು ಸವರಿಕೊಂಡು ಸರಿಯುತ್ತಾರೆ. ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲುತ್ತಾರೆ. ಸ್ವಿಚ್ ಕೆಳಗಿಳಿದ ಸದ್ದು. ಹಸಿರು ದೀಪ ಆರುತ್ತದೆ.

ಮತ್ತೊಮ್ಮೆ ಟೆಸ್ಟರ್ ಇಟ್ಟು ನೋಡುತ್ತಾರೆ. ಈ ಸಲ ಕೆಂಪು ಹೊತ್ತುವುದಿಲ್ಲ. ಆಮೇಲೆ ಗಾಡಿಯೊಳಗಿನಿಂದ ಸಣ್ಣ ದನಿ: “ಅತ್ತಿಗೆ, ಈಗ ಇಳೀಲಾ?”

“ಇಳಿ. ಇಲ್ಲಾಂದ್ರೆ ಅಲ್ಲೇ ಸಂಸಾರ ಹೂಡ್ತೀಯಾ?”

ಚಾರ್ಜರ್‌ನ ಹಿಂದಿನ ಪೆಟ್ಟಿಗೆ ಬಿಚ್ಚಿದಾಗ ಬೆರಳುದ್ದದ ಒಂದು ತುಂಡು ತಂತಿ ಸಿಗುತ್ತದೆ. ಮೀಟರಕ್ಕ ವಿವರಿಸಿದ್ದು ನನಗೆ ಅರ್ಥವಾದದ್ದು ಇಷ್ಟು. ಅರ್ಥಿಂಗ್ ಇಲ್ಲದಿದ್ದರೆ ಈ ಚಾರ್ಜರ್ ಶುರುವಾಗುವುದೇ ಇಲ್ಲ. ಅಂಗಳ ಅಗೆಯಲು ಮನೆ ಮಾಲೀಕರು ಬಿಟ್ಟಿರಲಿಲ್ಲ. ಹಾಗಾಗಿ ತಮ್ಮ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಗೇ ಅರ್ಥಿಂಗ್ ತಂತಿಯನ್ನು ಕಟ್ಟಿಬಿಟ್ಟಿದ್ದಾರೆ. ಚಾರ್ಜರ್ ಮೋಸಹೋಗಿ ಹಸಿರಾಗಿದೆ. ಆ ಬೆಳಿಗ್ಗೆ ಮೀಟರಿನ ಬಳಿ ನ್ಯೂಟ್ರಲ್ ಸಡಿಲವಾಗಿದೆ. ದಾರಿ ಸಿಗದ ಕರೆಂಟು ಗಾಡಿಯ ಮೈಗೆ ಬಂದು ಕಾಯುತ್ತಿತ್ತು. ಒಂದು ಕಾಲು ಒದ್ದೆ ನೆಲದ ಮೇಲೆ, ಒಂದು ಕೈ ಬಾಗಿಲ ಮೇಲೆ ಇದ್ದಿದ್ದರೆ ಸಾಕಿತ್ತು.

ಮೀಟರಕ್ಕ ಚೀಲದಿಂದ ಸೀಲ್ ತೆಗೆಯುತ್ತಾರೆ. ಆಗ ತಮ್ಮನ ಮುಖ ಬದಲಾಗುತ್ತದೆ. ತುಂಡು ತಂತಿ ಕಿತ್ತು, ನ್ಯೂಟ್ರಲ್ ಬಿಗಿ ಮಾಡಿಸಿದರೆ ಆಯಿತಲ್ಲ ಎನ್ನುತ್ತಾರೆ. ಚಾರ್ಜರ್ ನಿಂತರೆ ಬೇಕರಿಯವರು ನಾಳೆಯೇ ಬೇರೆ ಗಾಡಿ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಕೊನೆಗೆ:

“ಕಂಡೋರಿಗೆಲ್ಲ ಒಂದು ವಾರ ಕೊಡ್ತೀಯ. ನಾನು ನಿನ್ನ ತಮ್ಮ ಅಲ್ವಾ ಅಕ್ಕ?”

“ತಮ್ಮ ಅಂತಾನೇ ಒಂದು ನಿಮಿಷಾನೂ ಕೊಡಲ್ಲ.”

ಸೀಲ್ ಬೀಳುತ್ತದೆ. ಮೀಟರಕ್ಕ ಅಲ್ಲೇ ನಿಂತು ಮೇಲಧಿಕಾರಿಗೆ ಫೋನು ಮಾಡುತ್ತಾರೆ. ನಂಟರ ಮನೆಗೆ ಬಂದದ್ದು ತಪ್ಪು, ಆದರೆ ಸೀಲ್ ಹಾಕಿದ್ದೇನೆ, ಮುಂದಿನದಕ್ಕೆ ಬೇರೆಯವರನ್ನು ಕಳಿಸಿ ಎನ್ನುತ್ತಾರೆ. ಮೀಟರಕ್ಕನ ಗುತ್ತಿಗೆ ನವೀಕರಣ ಆಗಬೇಕಾದದ್ದು ಇದೇ ತಿಂಗಳು. ಅದನ್ನು ನನಗೆ ಹೇಳಿದ್ದು ತಮ್ಮನ ಹೆಂಡತಿ.

ಬ್ರೆಡ್ಡನ್ನು ಬೇರೊಂದು ಗಾಡಿಗೆ ಸಾಗಿಸಬೇಕು. ತಮ್ಮ ಟ್ರೇ ಎತ್ತುತ್ತಾರೆ. ಅಕ್ಕ ಹೋಗಿ ಇನ್ನೊಂದು ತುದಿ ಹಿಡಿಯುತ್ತಾರೆ. ಅವರು ಬೇಡ ಎನ್ನುವುದಿಲ್ಲ, ಅಕ್ಕನ ಮುಖವನ್ನೂ ನೋಡುವುದಿಲ್ಲ.

ಹೊರಡುವಾಗ ಮೀಟರಕ್ಕ ಆ ಸಿಮೆಂಟು ನೆಲವನ್ನೇ ನೋಡುತ್ತಾ ಹೇಳುತ್ತಾರೆ: “ಇಲ್ಲೊಂದು ಗುಂಡಿ ತೋಡೋಕೆ ಮಾಲೀಕರು ಒಪ್ಪಿದ್ರೆ ಸಾಕು. ಮೊದಲ್ನೇ ಹಾರೆ ಏಟು ನಾನೇ ಹಾಕ್ತೀನಿ.”

ಮಾಲೀಕರು ಒಪ್ಪಿದರೋ, ಗುತ್ತಿಗೆ ಮುಂದುವರಿಯಿತೋ ಇದನ್ನು ಬರೆಯುವ ಹೊತ್ತಿಗೂ ನನಗೆ ತಿಳಿದಿಲ್ಲ. ತಮ್ಮ ಮತ್ತೆ ಅಕ್ಕನನ್ನು ಮಾತಾಡಿಸಿದರೇ ಎಂದು ಕೇಳಲು ಎರಡು ಸಲ ಫೋನು ಕೈಗೆತ್ತಿಕೊಂಡೆ. ಕೇಳಲಾಗಲಿಲ್ಲ.